ತನ್ನನ್ನು ತಾನೇ ತಿದ್ದಿಕೊಂಡ ನಾಟಕ

ಪಿಸುರಾಯನಿಗೆ ಆ ಉಪಾಯ ಹೊಳೆಯದೆ ಹೋಗಿದ್ದರೆ ವಿದ್ಯುತ್ ಕಚೇರಿಯ ಸಿಬ್ಬಂದಿ ಸಂಘದ ನಾಟಕದಲ್ಲಿ ರಾಜ ಎರಡನೆಯ ದೃಶ್ಯದಲ್ಲೇ ಸಾಯುತ್ತಿರಲಿಲ್ಲ.

ಪಿಸುರಾಯ ಎಂದರೆ ರವಾನೆ ವಿಭಾಗದ ಗುಮಾಸ್ತ. ಹದಿನಾಲ್ಕು ವರ್ಷದಿಂದ ಸಂಘದ ನಾಟಕಗಳಿಗೆಲ್ಲ ಅವನೇ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕುಕ್ಕರಿಸಿ ಪಾತ್ರಧಾರಿಗಳಿಗೆ ಮಾತು ಎತ್ತಿಕೊಡುವುದು ಅವನ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಅವನ ಮೇಲೆ ಎಲ್ಲರಿಗೂ ಅದೆಷ್ಟು ನಂಬಿಕೆಯೆಂದರೆ ಯಾರೂ ಒಂದು ಸಾಲನ್ನೂ ಬಾಯಿಪಾಠ ಮಾಡುತ್ತಿರಲಿಲ್ಲ. ಅವನು ಉಸುರಿದ್ದನ್ನು ಕೈ ಎತ್ತಿ ಜೋರಾಗಿ ಹೇಳುವುದಕ್ಕೇ ಅವರು ಅಭಿನಯ ಎನ್ನುತ್ತಿದ್ದರು.

ಈ ಸಲದ ನಾಟಕ ಬರೆದವರು ನಾಲ್ವರು. ಒಬ್ಬರೇ ಬರೆದರೆ ಉಳಿದ ಮೂವರಿಗೆ ಅನ್ನ ಅರಗುವುದಿಲ್ಲವಲ್ಲ! ಹಾಗಾಗಿ ದೃಶ್ಯಕ್ಕೊಬ್ಬರಂತೆ ಹಂಚಿಕೊಂಡಿದ್ದರು. ಮೊದಲನೆಯದನ್ನು ಸೇನಾಪತಿಯ ಪಾತ್ರ ಮಾಡುವ ಸ್ಟೋರ್‌ಕೀಪರ್ ಬರೆದರೆ, ಎರಡನೆಯದನ್ನು ಮಂತ್ರಿಯಾಗುವ ಹೆಡ್‌ಕ್ಲರ್ಕರು, ಮೂರನೆಯದನ್ನು ರಾಜನಾಗುವ ಮೀಟರ್ ರೀಡರ್, ಕೊನೆಯದನ್ನು ರಾಣಿಯಾಗುವ ಸ್ಟೆನೋ ಮೇಡಂ. ದಿನ ಬೆಳಗಾದರೆ ತಿದ್ದುಪಡಿ. ಪಿಸುರಾಯನ ಜೇಬಿನಲ್ಲಿ ಚೀಟಿ, ಡ್ರಾಯರಿನಲ್ಲಿ ಚೀಟಿ. ಒಂದು ದಿನ ಊಟದ ಡಬ್ಬಿ ತೆರೆದರೆ ಅದರಲ್ಲೂ 'ಮಂತ್ರಿ ಇಲ್ಲಿ ಗಹಗಹಿಸಿ ನಗಬೇಕು' ಎಂಬ ಚೀಟಿ ಎಣ್ಣೆಯಲ್ಲಿ ನೆನೆದು ಕೂತಿತ್ತು.

ಅವತ್ತೇ ಅವನು ಕಂಪ್ಯೂಟರಿನ ಮುಂದೆ ಹಟ ಹಿಡಿದು ಕೂತ. ನಾಲ್ವರ ದೃಶ್ಯಗಳೂ ನಾಲ್ಕು ಫೈಲುಗಳಾಗಿ ಕಚೇರಿಯ ಸರ್ವರಿನಲ್ಲಿ ಅವರವರ ಕೈಯಲ್ಲೇ ಇರಲಿ. ತನ್ನ ಬಳಿ ಒಂದು ತಾಯಿ ಫೈಲು. ಅದರಲ್ಲಿ ಸ್ವಂತದ ಬರಹ ಒಂದಕ್ಷರವೂ ಇಲ್ಲ. ಆ ನಾಲ್ಕಕ್ಕೂ ಹಾಕಿದ ಕೊಂಡಿಗಳು ಮಾತ್ರ. ಅವರು ಅಲ್ಲಿ ಕೊಂಬು ತೆಗೆದು ದೀರ್ಘ ಹಾಕಿದರೆ ಎರಡೇ ನಿಮಿಷದಲ್ಲಿ ಇಲ್ಲಿಯೂ ತಾನಾಗಿಯೇ ದೀರ್ಘವಾಗುತ್ತದೆ.

"ಚೀಟಿ ಕಾಟ ಮುಗೀತು. ನೀವು ತಿದ್ದಿ, ಅದು ತಾನೇ ನೋಡ್ಕೊಳ್ಳುತ್ತೆ. ಬೇಕಾದ್ರೆ ಇಡೀ ನಾಟಕ ನಿಮ್ಮ ನಿಮ್ಮ ಫೋನಲ್ಲೇ ನೋಡ್ಬಹುದು" ಎಂದು ನಾಲ್ವರಿಗೂ ಎದೆಯುಬ್ಬಿಸಿ ತೋರಿಸಿದ.

ಆ ಕೊನೆಯ ಮಾತೇ ಅವನಿಗೆ ಮುಳುವಾಯಿತು. ಅದುವರೆಗೆ ಪ್ರತಿಯೊಬ್ಬರಿಗೂ ತಮ್ಮ ದೃಶ್ಯವಷ್ಟೇ ಗೊತ್ತಿತ್ತು. ಈಗ ಪಕ್ಕದವರದೂ ಕಾಣತೊಡಗಿತು.

ನಾಟಕದ ದಿನ ಭಾನುವಾರ. ಬೆಳಿಗ್ಗೆ ಪಿಸುರಾಯ ಹಲ್ಲುಜ್ಜುತ್ತಿದ್ದಾಗ ಹೆಂಡತಿ ಒಳಗಿನಿಂದ ಕೂಗಿದಳು.

"ರೀ, ಇದೇನ್ರೀ ಇದು? ಯಾರೂ ಮುಟ್ದೇನೇ ಹಿಟ್ಟು ಉಬ್ಬಿದ ಹಾಗೆ ಉಬ್ತಾ ಇದೆ!"

ಬಾಯಿಯ ತುಂಬ ನೊರೆ ಇಟ್ಟುಕೊಂಡೇ ಓಡಿಬಂದ. ರಾತ್ರಿ ಅರವತ್ತೆರಡು ಪುಟವಿದ್ದ ನಾಟಕ ಲ್ಯಾಪ್‌ಟಾಪಿನಲ್ಲಿ ಎಪ್ಪತ್ತೊಂದಾಗಿತ್ತು. ನೋಡುತ್ತಿದ್ದಂತೆಯೇ ಎಪ್ಪತ್ತೆರಡಾಯಿತು. ನೊರೆ ನುಂಗಿಬಿಟ್ಟ.

ಫೋನಿನಲ್ಲಿ ಹೆಡ್‌ಕ್ಲರ್ಕರು ತಣ್ಣಗೆ ಹೇಳಿದರು. "ಮಂತ್ರಿಗೊಂದು ಸ್ವಗತ ಸೇರಿಸ್ದೆ ಅಷ್ಟೇ. ಮೀಟರ್ ರೀಡರ್ ಅವರ ದೃಶ್ಯದಲ್ಲಿ ನನ್ನನ್ನ 'ಬೋಳುತಲೆ ನರಿ' ಅಂದಿದಾರೆ, ನೋಡಿದ್ರಾ? ನನ್ನ ತಲೆ ನನ್ನ ಸ್ವಂತದ್ದು ಕಣ್ರೀ!"

ಮೀಟರ್ ರೀಡರನ್ನು ಕೇಳಿದರೆ, "ಅದು ಪಾತ್ರದ ಮಾತು ಮಾರಾಯ್ರೇ. ಅವರು ನನ್ನನ್ನ 'ಹೊಟ್ಟೆಬಾಕ ರಾಜ' ಅಂತ ಬರ್ದಾಗ ನಾನು ಸುಮ್ಮನಿರ್ಲಿಲ್ವಾ?" ಎಂದ.

ಹನ್ನೆರಡಕ್ಕೆ ಕಚೇರಿಯ ಮೇಲ್ಮಹಡಿಯ ಸಭಾಂಗಣದಲ್ಲಿ ಪಿಸುರಾಯ ನಾಲ್ವರನ್ನೂ ಸಾಲಾಗಿ ಕೂರಿಸಿ ಕೈ ಮುಗಿದ. ಮೂರು ತಿಂಗಳ ಹಿಂದೆ ವರ್ಗವಾಗಿ ಬಂದ ದೊಡ್ಡ ಸಾಹೇಬರು ಮೊದಲೇ ಎಚ್ಚರಿಸಿದ್ದರು: ಈ ವರ್ಷವೂ ನಾಟಕ ಕೆಟ್ಟರೆ ಸಭಾಂಗಣಕ್ಕೆ ಬೀಗ ಜಡಿದು ಅಲ್ಲಿ ಕೆಟ್ಟ ಮೀಟರುಗಳನ್ನು ತುಂಬಿಸುತ್ತೇನೆ.

"ಇನ್ನು ಒಂದು ಚುಕ್ಕೆನೂ ಮುಟ್ಬೇಡಿ. ಸಾಹೇಬ್ರು ಮುಂದಿನ ಸಾಲಲ್ಲೇ ಕೂರ್ತಾರೆ."

"ಛೆ ಛೆ, ನಾವೇನು ಚಿಕ್ಕ ಮಕ್ಕಳಾ?" ಎಂದರು ಸ್ಟೆನೋ ಮೇಡಂ. ನಾಲ್ವರೂ ಆಣೆ ಮಾಡಿದರು. ಮಾಡುವಾಗ ನಾಲ್ವರ ಕೈಯಲ್ಲೂ ಫೋನಿತ್ತು; ಪಿಸುರಾಯನ ಕಣ್ಣಿಗೆ ಅದು ಬೀಳಲಿಲ್ಲ.

ಮೂರು ಗಂಟೆಗೆ ಪರದೆ ಎದ್ದಿತು. ನಾನೂರು ಕುರ್ಚಿಗಳು ಭರ್ತಿ. ಪಿಸುರಾಯ ಮರೆಯಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಉಸುರತೊಡಗಿದ. ಮೊದಲ ದೃಶ್ಯದಲ್ಲಿ ಸ್ಟೋರ್‌ಕೀಪರ್ ಕತ್ತಿ ಬೀಸಿದ್ದೇ ಬೀಸಿದ್ದು. ಚಪ್ಪಾಳೆಯೂ ಬಿತ್ತು.

ಎರಡನೆಯ ದೃಶ್ಯ, ಹೆಡ್‌ಕ್ಲರ್ಕರು ಬರೆದದ್ದು. ಸಿಂಹಾಸನದ ಮೇಲೆ ರಾಜ ಮೀಸೆ ತಿರುವುತ್ತ ಕೂತಿದ್ದ. ಪಿಸುರಾಯ ಮುಂದಿನ ಸಾಲಿಗೆ ಕಣ್ಣು ಹಾಯಿಸಿದ. ಲ್ಯಾಪ್‌ಟಾಪಿನ ಪರದೆ ಒಮ್ಮೆ ಮಿಟುಕಿತು. 'ಮಂತ್ರಿ, ಪ್ರಜೆಗಳು ಕ್ಷೇಮವೇ?' ಎಂಬ ಸಾಲಿದ್ದ ಜಾಗದಲ್ಲಿ ಬೇರೇನೋ ಬಂದಿತ್ತು.

'ರಾಜ: ಅಯ್ಯೋ, ಎದೆ! (ಬಿದ್ದು ಸಾಯುತ್ತಾನೆ).'

ಪಿಸುರಾಯ ಹಳೆಯ ಸಾಲನ್ನು ನೆನಪಿಸಿಕೊಳ್ಳಲು ನೋಡಿದ. ಇಷ್ಟು ವರ್ಷ ಓದಿಯೇ ಅಭ್ಯಾಸವಾದ ತಲೆಯಲ್ಲಿ ಒಂದಕ್ಷರವೂ ಇರಲಿಲ್ಲ. ರಾಜ ಕಿವಿ ಇತ್ತ ಚಾಚಿದ. ಮತ್ತಷ್ಟು ಚಾಚಿದ. ಮುಂದಿನ ಸಾಲಿನಲ್ಲಿ ಸಾಹೇಬರು ಕೆಮ್ಮಿದರು. ವಿಧಿಯಿಲ್ಲದೆ ಪಿಸುರಾಯ ಉಸುರಿದ.

"ಅಯ್ಯೋ, ಎದೆ!" ಎಂದು ರಾಜ ಗರ್ಜಿಸಿದ. ಗರ್ಜಿಸಿದ ಮೇಲೆ ಏನೆಂದೆ ಎಂದು ಅವನಿಗೇ ಗಾಬರಿಯಾಯಿತು.

"ಬಿದ್ದು ಸಾಯಿರಿ..." ಎಂದು ಪಿಸುರಾಯ ಅಳುವ ಧ್ವನಿಯಲ್ಲಿ ಎತ್ತಿಕೊಟ್ಟ.

ರಾಜ ಸತ್ತ. ಸಭೆ 'ಹಾ!' ಎಂದು ಉಸಿರು ಬಿಗಿಹಿಡಿಯಿತು. ನಾಟಕ ಶುರುವಾಗಿ ಇಪ್ಪತ್ತು ನಿಮಿಷಕ್ಕೇ ರಾಜ ಸತ್ತದ್ದನ್ನು ಯಾರೂ ಕಂಡಿರಲಿಲ್ಲ. ಸತ್ತವನ ಕಣ್ಣುಗಳು ಮಾತ್ರ ತೆರೆದೇ ಇದ್ದವು. ಮರೆಯಲ್ಲಿದ್ದ ಪಿಸುರಾಯನನ್ನು ಸುಟ್ಟುಬಿಡುವಂತೆ ನೋಡುತ್ತಿದ್ದವು. ಮಂತ್ರಿ ಹೆಣದ ಸುತ್ತ ಓಡಾಡಿಕೊಂಡು ಮೂರು ಪುಟದ ಸ್ವಗತವನ್ನು ಸಾವಕಾಶವಾಗಿ ಹೇಳಿ ಮುಗಿಸಿದರು.

ಹೆಣವನ್ನು ಒಳಗೆ ಹೊತ್ತೊಯ್ದದ್ದೇ ತಡ, ಅದು ಎದ್ದು ಕೂತು ಫೋನು ಹುಡುಕಿತು.

"ಸ್ವಾಮಿ, ಬೇಡ ಸ್ವಾಮಿ!" ಎಂದು ಪಿಸುರಾಯ ಗ್ರೀನ್ ರೂಮಿಗೆ ಓಡಿದ.

"ನೀವು ಸುಮ್ನಿರಿ! ನನ್ನ ಹೆಂಡ್ತಿ, ಅತ್ತೆ, ಇಬ್ಬರು ನಾದಿನಿಯರು, ಎಲ್ಲಾ ಬಂದಿದಾರೆ. ಅವರೆದುರಿಗೆ ನನ್ನನ್ನ ಸಾಯಿಸ್ತಾರಾ?" ರಾಜನ ಹೆಬ್ಬೆರಳುಗಳು ಹೊಲಿಗೆ ಯಂತ್ರದ ಸೂಜಿಯಂತೆ ಕುಣಿಯುತ್ತಿದ್ದವು.

ಮೂರನೆಯ ದೃಶ್ಯಕ್ಕೆ ಪರದೆ ಎದ್ದಾಗ ಸತ್ತ ರಾಜ ಸಿಂಹಾಸನದ ಮೇಲೆ ಕೂತಿದ್ದ. ಸಭೆಯಲ್ಲಿ ಯಾರೋ ಚೀರಿದರು.

"ನಾನು ಸತ್ತಿಲ್ಲ! ನಿನ್ನ ನಿಯತ್ತು ಪರೀಕ್ಷೆ ಮಾಡಿದೆ, ಬೋಳುತಲೆ ನರಿಯೇ! ಕಪ್ಪೆಯ ಹಾಗೆ ಮೂರು ಸಲ ಕುಪ್ಪಳಿಸು!"

ಮುಂದಿನ ಸಾಲನ್ನು ಪಿಸುರಾಯ ಉಸುರಿದ್ದು ಬರೀ ಅಭ್ಯಾಸದಿಂದ. ಹೆಡ್‌ಕ್ಲರ್ಕರು ಅದನ್ನು ಹೇಳಿದ್ದೂ ಅಭ್ಯಾಸದಿಂದಲೇ. "ಅಪ್ಪಣೆ, ಪ್ರಭು!" ಎಂದು ಗಟ್ಟಿಯಾಗಿ ಅಂದುಬಿಟ್ಟ ಮೇಲೆ ಅವರ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ನಾನೂರು ಜನರೆದುರು ಒಪ್ಪಿಕೊಂಡಾಗಿತ್ತು. ಮಂಡಿನೋವಿನ ಮಂತ್ರಿಗಳು ಮೂರು ಸಲ ಕುಪ್ಪಳಿಸಿದರು. ಮೂರನೆಯದಕ್ಕೆ ಕಿರೀಟ ಉರುಳಿ ಸಾಹೇಬರ ಕಾಲ ಬಳಿ ನಿಂತಿತು.

ಪಿಸುರಾಯ ಕಣ್ಣು ಮುಚ್ಚಿಕೊಂಡ. ತೆರೆದಾಗ ಕೊನೆಯ ದೃಶ್ಯ ಅವನೆದುರೇ ಬದಲಾಗುತ್ತಿತ್ತು. ಆಚೆ ಬದಿಯ ಮರೆಯಲ್ಲಿ ಸ್ಟೆನೋ ಮೇಡಂ ನಿಂತು ಟೈಪು ಮಾಡುತ್ತಿದ್ದರು. ಕಚೇರಿಯಲ್ಲೇ ಅವರ ಬೆರಳಿಗೆ ಸಾಟಿಯಿರಲಿಲ್ಲ. 'ರಾಣಿ ಮೂವರ ಮೀಸೆಯನ್ನೂ ಬೋಳಿಸುತ್ತಾಳೆ (ನಿಜವಾದ ಕತ್ತರಿ)' ಎಂಬ ಸಾಲು ಬಂತು. ಮೂವರಲ್ಲಿ ಸ್ಟೋರ್‌ಕೀಪರನ ಮೀಸೆ ಅಂಟಿಸಿದ್ದಲ್ಲ, ಅವನದೇ.

ಇನ್ನು ತಡೆಯುವಂತಿರಲಿಲ್ಲ. ಕೊಂಡಿ ಕಡಿದರೆ ಎಲ್ಲವೂ ನಿಲ್ಲುತ್ತದೆ ಎಂದುಕೊಂಡು ಪಿಸುರಾಯ ಲ್ಯಾಪ್‌ಟಾಪಿನ ನೆಟ್ಟನ್ನು ಫಟ್ಟನೆ ಆರಿಸಿದ.

ಎಲ್ಲವೂ ನಿಂತಿತು. ನಾಟಕವೂ ನಿಂತಿತು. ತಾಯಿ ಫೈಲಿನಲ್ಲಿ ಸ್ವಂತದ ಬರಹ ಒಂದಕ್ಷರವೂ ಇರಲಿಲ್ಲವಲ್ಲ! ಅಷ್ಟೂ ಪುಟ ಮಾಯವಾಗಿ ಬಿಳಿಯ ಹಾಳೆಯ ನಡುವೆ ಕಂಪ್ಯೂಟರಿನದೇ ಸೂಚನೆಯ ಒಂದೇ ಒಂದು ಸಾಲು ನಿಂತಿತ್ತು.

ಕೊನೆಯ ದೃಶ್ಯಕ್ಕೆ ರಂಗದ ಮೇಲೆ ನಾಲ್ವರೂ ಬಂದು ನಿಂತಿದ್ದರು. ನಾಲ್ಕು ಕಿವಿಗಳು ಇತ್ತ ತಿರುಗಿದ್ದವು. ನೆಟ್ಟನ್ನು ಮತ್ತೆ ಹಚ್ಚಿದ. ಅದು ಗಿರಗಿರ ತಿರುಗುತ್ತಲೇ ಇತ್ತು. ಸಭೆಯಲ್ಲಿ ಗುಜುಗುಜು ಎದ್ದಿತು. ಪಿಸುರಾಯ ಕಣ್ಣೆದುರಿಗಿದ್ದದ್ದನ್ನೇ ಓದಿಬಿಟ್ಟ.

ರಾಣಿ ಮುಂದೆ ಬಂದು ಕೈ ಎತ್ತಿ ಸಾರಿದಳು. "ಮೂಲ ಕಡತ ಸಿಗುತ್ತಿಲ್ಲ!"

ಮರುಕ್ಷಣ ಸಭಾಂಗಣದ ಚಾವಣಿ ಹಾರಿಹೋಗುವಂಥ ನಗು. ಕುರ್ಚಿಗಳಲ್ಲಿದ್ದವರೆಲ್ಲ ವಿದ್ಯುತ್ ಕಚೇರಿಯ ನೌಕರರು, ಇಲ್ಲವೇ ಅದರ ಕೌಂಟರಿನ ಮುಂದೆ ನಿಂತು ಕಾಲು ಸವೆಸಿದ ಅವರ ನೆಂಟರಿಷ್ಟರು.

"ಯಾರ ಹತ್ರ ಇದೆ ಅಂತ ಕೇಳಿ ನೋಡಿ" ಎಂದ ರಾಜ, ಯಾರೂ ಎತ್ತಿಕೊಡದೆಯೇ.

"ನನ್ನ ಟೇಬಲ್ಲಿಗೆ ಬಂದಿಲ್ಲ" ಎಂದರು ಮಂತ್ರಿ.

"ಸ್ಟೋರಿಂದ ಕಳಿಸಿ ಆಯ್ತಲ್ಲ!" ಎಂದ ಸೇನಾಪತಿ.

"ಇವತ್ತು ಸಂಬಂಧಪಟ್ಟವರು ರಜೆ" ಎಂದಳು ರಾಣಿ.

ಇಪ್ಪತ್ತು, ಮೂವತ್ತು ವರ್ಷ ದಿನವೂ ಆಡಿದ ಮಾತುಗಳು, ಪ್ರಾಂಪ್ಟರೇ ಬೇಕಿರಲಿಲ್ಲ. ಹತ್ತು ನಿಮಿಷ ನಾಲ್ವರೂ ಒಬ್ಬರ ಮೇಲೊಬ್ಬರು ಕಡತ ಎತ್ತಿಹಾಕಿ ಆಡಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪರದೆ ಬಿದ್ದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಿಸುರಾಯ ಗೋಡೆಗೆ ಒರಗಿ, ಬೆಳಗಿನಿಂದ ಮೊದಲ ಸಲ ಪೂರ್ತಿ ಉಸಿರೆಳೆದುಕೊಂಡ.

ಅಷ್ಟರಲ್ಲಿ ದೊಡ್ಡ ಸಾಹೇಬರು ಮಂತ್ರಿಯ ಕಿರೀಟ ಕೈಯಲ್ಲಿ ಹಿಡಿದು ರಂಗ ಹತ್ತಿದರು. ಅವರ ಮುಖದಲ್ಲಿ ನಗುವಿರಲಿಲ್ಲ.

"ಆ ಕಡತದ ಮಾತು ಬರೆದವರು ಯಾರು?"

ನಾಲ್ಕು ಬೆರಳುಗಳು ಒಟ್ಟಿಗೇ ಪಿಸುರಾಯನತ್ತ ಚಾಚಿದವು. ನಾಟಕ ಬರೆಯಲು ಕೂತ ದಿನದಿಂದ ನಾಲ್ವರೂ ಒಮ್ಮತಕ್ಕೆ ಬಂದದ್ದು ಅದೊಂದು ಸಲ.

ಸಾಹೇಬರು ಅವನನ್ನು ಬೆಳಕಿಗೆ ಎಳೆತಂದು ಹೆಗಲ ಮೇಲೆ ಕೈಯಿಟ್ಟರು. ಮೈಕಿನಲ್ಲಿ, "ಇಂಥ ನಾಟಕ ನಾನು ನೋಡೇ ಇಲ್ಲ. ಸಭಾಂಗಣ ಸಂಘಕ್ಕೇ ಇರುತ್ತೆ" ಎಂದರು. ಮತ್ತೆ ಚಪ್ಪಾಳೆ. ಸಾಹೇಬರು ಮೈಕನ್ನು ಅಂಗೈಯಿಂದ ಮುಚ್ಚಿ ಅವನ ಕಿವಿಯ ಬಳಿ ಬಗ್ಗಿದರು.

"ಈ ಕಟ್ಟಡದ ಮೂಲ ಕಡತ ಕಾಣೆಯಾಗಿರೋದು ನನ್ನ ಬಿಟ್ರೆ ಇಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನ ಹುಡುಕೋಕೇ ನನ್ನನ್ನ ಇಲ್ಲಿಗೆ ಕಳಿಸಿರೋದು. ಮೂರು ತಿಂಗಳಿಂದ ಗುಟ್ಟಾಗಿ ಹುಡುಕ್ತಿದೀನಿ. ನೀವು ನಾನೂರು ಜನರ ಮುಂದೆ ಡಂಗುರ ಹೊಡೆಸಿದ್ರಿ. ಅಂದ್ರೆ ಎಲ್ಲಾ ಗೊತ್ತಿದ್ದೇ ಬರ್ದಿದೀರಿ. ಹೇಳಿ, ಎಲ್ಲಿದೆ?"

ಸಾಹೇಬರು ಮೈಕಿನ ಮೇಲಿಂದ ಅಂಗೈ ತೆಗೆದು ಅದನ್ನು ಪಿಸುರಾಯನ ಬಾಯಿಗೆ ಹಿಡಿದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ರಂಗದ ಮಧ್ಯೆ ನಿಂತ ಪ್ರಾಂಪ್ಟರು ಪರದೆಯ ಮರೆಯತ್ತ ಕಿವಿ ಚಾಚಿದ.

ಅಲ್ಲಿಗೆ ಸರಿದಿದ್ದ ರಾಜ, ಮಂತ್ರಿ, ಸೇನಾಪತಿ, ರಾಣಿ ನಾಲ್ವರೂ, ಪ್ರಶ್ನೆ ಏನೆಂದು ಕೇಳಿಸದಿದ್ದರೂ, ಒಬ್ಬರನ್ನೊಬ್ಬರು ತಳ್ಳಾಡುತ್ತ, ಒಟ್ಟೊಟ್ಟಿಗೇ, ನಾಲ್ಕು ಬೇರೆ ಬೇರೆ ಉತ್ತರಗಳನ್ನು ಅವನಿಗೆ ಎತ್ತಿಕೊಡುತ್ತಿದ್ದರು.