ಕೆಂಪು ಸಾಲಿಗೆ ಕಾರು ತಿರುಗಿಸಿದ ಟೊರ್ಗ್ರಿಮ್

ಟೊರ್ಗ್ರಿಮ್‌ನ ಅಟ್ಟದಲ್ಲಿ ಉಪ್ಪು ಸವರಿ ತೂಗುಬಿಟ್ಟ ಕುರಿತೊಡೆ ಒಣಗತೊಡಗಿದ ವಾರ, ಅದರ ಘಮಕ್ಕೆ ಗಡಿಯಾಚೆಯ ಸ್ವೀಡನ್ನಿನ ಹದಿನೇಳು ನಾಯಿಗಳು ನಾರ್ವೆಯ ಪೌರತ್ವಕ್ಕೆ ಅರ್ಜಿ ಹಾಕಿದವು. ಎರಡಕ್ಕೆ ಸಿಕ್ಕಿತು ಕೂಡ. ನಂಬದವರು ಆ ನಾಯಿಗಳನ್ನೇ ವಿಚಾರಿಸಬಹುದು.

ಒಣಗಿದ ಕುರಿತೊಡೆ ನಾರ್ವೆಯಲ್ಲಿ ಯಾರ ಮನೆಯಲ್ಲಿಲ್ಲ? ಆದರೆ ಟೊರ್ಗ್ರಿಮ್‌ನ ಪಾಲಿಗೆ ಅದು ತೊಡೆಯಲ್ಲ, ರಾಷ್ಟ್ರಧ್ವಜ. ಊರೆಲ್ಲ ಅಗ್ಗದ ಮಾಂಸಕ್ಕಾಗಿ ಸ್ವೀಡನ್ನಿಗೆ ಓಡುತ್ತಿದ್ದರೆ ಈತ ಬೇಲಿಯ ಬಳಿ ನಿಂತು, "ಆಚೆ ಕಡೆಯ ಒಂದು ಚೂರು ಮಾಂಸ ನನ್ನ ಹೊಸಿಲು ದಾಟಿಲ್ಲ, ದಾಟೋದೂ ಇಲ್ಲ!" ಎಂದು ಎದೆ ತಟ್ಟಿಕೊಳ್ಳುತ್ತಿದ್ದ.

ತಂಟೆ ಶುರುವಾದದ್ದು ಸ್ವೀಡನ್ನಿನಲ್ಲಿದ್ದ ಭಾವಮೈದುನ ಬಿರ್ಗರನ ಫೋನಿನಿಂದ. "ನಿಮ್ಮವರಿಗೆ ಮಾಂಸ ಕೊಳ್ಳೋಕೆ ಬರುತ್ತೆ ಭಾವ, ಮಾಡೋಕೆ ಬರಲ್ಲ. ಈಸ್ಟರ್ ಗುರುವಾರ ನಮ್ಮೂರಲ್ಲಿ ಒಣಮಾಂಸದ ಸ್ಪರ್ಧೆ ಇದೆ. ಧೈರ್ಯ ಇದ್ರೆ ಬಾ."

ಗುರುವಾರ ಬೆಳಿಗ್ಗೆ ಟೊರ್ಗ್ರಿಮ್ ತೊಡೆಯನ್ನು ಮದುಮಗಳಂತೆ ಬಿಳಿಬಟ್ಟೆಯಲ್ಲಿ ಸುತ್ತಿ ಕಾರಿಗೆ ತಂದರೆ, ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಓಸ್ಮುಂಡ್, ಅವನ ಹೆಂಡತಿ ಗುನ್ವೋರ್ ಆಗಲೇ ಬೆಲ್ಟು ಹಾಕಿಕೊಂಡು ಕೂತಿದ್ದರು.

"ತಲೆಗೆ ಹತ್ತು ಕಿಲೋ ಮಾಂಸ ಸುಂಕ ಇಲ್ದೆ ತರಬಹುದು," ಎಂದಳು ಗುನ್ವೋರ್. "ನಿನ್ನ ಹತ್ತು ಕಿಲೋ ವರ್ಷ ವರ್ಷ ಹಾಳಾಗಿ ಹೋಗ್ತಿದೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ ಮಾರಾಯ."

"ನನ್ನ ತಲೆ ಮಾರಾಟಕ್ಕಿಲ್ಲ."

"ಮಾರೋದು ಬೇಡ, ಎರವಲು ಕೊಡು ಸಾಕು," ಎಂದ ಓಸ್ಮುಂಡ್.

ಸ್ಪರ್ಧೆಯ ವಿಚಾರ ಹೇಳುವಂತೆಯೇ ಇಲ್ಲ. ತೀರ್ಪುಗಾರ ಒಂದು ತೆಳು ಎಸಳು ಬಾಯಿಗಿಟ್ಟ. ಕಣ್ಣು ಮುಚ್ಚಿದವನು ಮಧ್ಯಾಹ್ನದವರೆಗೂ ತೆರೆಯಲಿಲ್ಲ. ಮೊದಲ ಬಹುಮಾನ! ತೊಡೆಗೆ ಚಿನ್ನದ ಬಣ್ಣದ ಪಟ್ಟಿ ಕಟ್ಟಿದರು. ಬಿರ್ಗರನ ಮುಖ ಬೇಯಿಸಿ ಮರೆತ ಆಲೂಗಡ್ಡೆಯಂತಾಯಿತು. ಅಷ್ಟರಲ್ಲಿ ಗುನ್ವೋರ್ ಮೂರು ತಲೆಗಳ ಲೆಕ್ಕದಲ್ಲಿ ಮೂವತ್ತು ಕಿಲೋ ಹಂದಿಮಾಂಸವನ್ನು ಗುಂಜಿಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಡಿಕ್ಕಿಗೆ ತುರುಕಿದ್ದಳು.

ಮರಳುವಾಗ ಗಡಿಯಲ್ಲಿ ಎರಡು ಸಾಲು. ತೋರಿಸುವುದೇನೂ ಇಲ್ಲದವರಿಗೆ ಹಸಿರು, ಇದ್ದವರಿಗೆ ಕೆಂಪು. ಈಸ್ಟರ್ ಗುರುವಾರ ಡಿಕ್ಕಿ ತುಂಬಿಕೊಂಡು ಮರಳುವ ಇಡೀ ನಾರ್ವೆಗೆ ತೋರಿಸುವುದೇನೂ ಇರುವುದಿಲ್ಲ. ಟೊರ್ಗ್ರಿಮ್ ಮಾತ್ರ ಕೆಂಪಿಗೆ ತಿರುಗಿಸಿದ.

"ಹುಚ್ಚು ಹಿಡೀತೇನೋ? ಹಸಿರಲ್ಲಿ ಹೋಗೋ!" ಗುನ್ವೋರ್ ಕಿರುಚಿದಳು.

"ಹಸಿರಲ್ಲಿ ಹೋದ್ರೆ ಬಹುಮಾನ ನೋಡೋರು ಯಾರು?"

ಸುಂಕದ ಅಧಿಕಾರಿ ರಾಂಡಿ ಹಂದಿಮಾಂಸ ತೂಗಿದಳು. "ಮೂವರದ್ದೂ ಭರ್ತಿ. ಹಾಗಾದ್ರೆ ಈ ತೊಡೆ ಹೆಚ್ಚಾಯ್ತಲ್ಲ? ಪಟ್ಟಿ ಬೇರೆ ಸ್ವೀಡನ್ನಿಂದು."

"ಪಟ್ಟಿ ಅವರದ್ದು ಮೇಡಂ, ತೊಡೆ ನಮ್ಮದು!"

"ನಾರ್ವೆಯ ಮಾಲು ವಾಪಸ್ ಬಂದ್ರೆ ಸುಂಕ ಇಲ್ಲ. ನಮ್ಮದೇ ಅಂತ ಏನು ಗ್ಯಾರಂಟಿ?"

ಟೊರ್ಗ್ರಿಮ್ ಕಾರಿನ ಬಾನೆಟ್ಟಿನ ಮೇಲೆ ಹತ್ತದಿದ್ದುದೇ ಹೆಚ್ಚು. ನಮ್ಮ ಬೆಟ್ಟ, ನಮ್ಮ ಹುಲ್ಲು, ನಮ್ಮ ಅಜ್ಜಂದಿರ ಉಪ್ಪು ಎಂದು ಅವನು ಆಡಿದ ಮಾತಿಗೆ ಹಸಿರು ಸಾಲಿನವರೂ ಕಾರು ನಿಲ್ಲಿಸಿ ಇಳಿದು ಬಂದರು. ಮಾತಿನ ಕಾವು ನೆರೆಯವರಿಗೂ ತಗುಲಿತು.

"ಆ ಕುರಿ ನಂಗೆ ಚೆನ್ನಾಗಿ ಗೊತ್ತು!" ಎಂದ ಓಸ್ಮುಂಡ್. "ನನ್ನ ಕೈಯಾರೆ ಬ್ರೆಡ್ ತಿನ್ನಿಸಿದೀನಿ!"

"ರೇಡಿಯೋದಲ್ಲಿ ರಾಷ್ಟ್ರಗೀತೆ ಬಂದ್ರೆ ಮಲಗಿದ್ದದ್ದು ಎದ್ದು ನಿಲ್ತಿತ್ತು," ಎಂದಳು ಗುನ್ವೋರ್, ಮೂಗು ಒರೆಸಿಕೊಳ್ಳುತ್ತ.

ಜನ ಚಪ್ಪಾಳೆ ತಟ್ಟಿದರು. ರಾಂಡಿಯ ಕಣ್ಣೂ ತೇವವಾಯಿತು. ಕಂಪ್ಯೂಟರಿನಲ್ಲಿ ಏನೋ ಒತ್ತಿ, ಟೊರ್ಗ್ರಿಮ್‌ನನ್ನು ಹತ್ತಿರ ಕರೆದು ದನಿ ತಗ್ಗಿಸಿದಳು. "ಒಂದು ಮಾತು. ಮುಚ್ಚಿಡದೆ ಹೇಳಿ. ಆ ಕುರಿ ನಿಮಗೆ ಸಿಕ್ಕಿದ್ದೆಲ್ಲಿ?"

ಟೊರ್ಗ್ರಿಮ್‌ನ ಕಿವಿ ಬೀಟ್‌ರೂಟಿನಂತಾಯಿತು. ಇವಳಿಗೆ ಗೊತ್ತಾಗಿಹೋಗಿದೆ! ಸುಳ್ಳು ಹೇಳಿದರೆ ಜೈಲು. ನಿಜ ಹೇಳಿದರೆ ಬೇಲಿಯ ಬಳಿ ಇನ್ನು ಜನ್ಮದಲ್ಲಿ ನಿಲ್ಲುವಂತಿಲ್ಲ.

"ಬಿರ್ಗರನ ಊರಿನ ಅಂಗಡೀಲಿ," ಎಂದ. "ಹೋದ ಶರತ್ಕಾಲ. ಅರ್ಧ ಬೆಲೆಗೆ ಬಿಟ್ಟಿದ್ರು. ನನ್ನ ಹತ್ರ ಕುರಿ ಇಲ್ಲ ಮೇಡಂ. ಒಂದು ಬೆಕ್ಕಿದೆ."

ತಗ್ಗಿದ ದನಿಯಲ್ಲೇ ಹೇಳಿದ. ಆದರೆ ಚಪ್ಪಾಳೆ ನಿಂತ ಆ ಹೊತ್ತಿನಲ್ಲಿ ಗಡಿಯ ಎರಡೂ ಕಡೆ ಕೇಳಿಸಿತು.

"ಅಯ್ಯೋ ಪುಣ್ಯಾತ್ಮ!" ರಾಂಡಿ ಹಣೆ ಚಚ್ಚಿಕೊಂಡಳು. "ಸುಂಕ ಇಲ್ಲ ಅಂತ ಒತ್ತಿ ಆಗಿತ್ತು! ನಮ್ಮತ್ತೆ ಕುರಿ ಸಾಕ್ತಾರೆ, ಆ ತಳಿಯ ಒಂದು ಮರಿ ಸಿಗುತ್ತಾ ಅಂತ ಕೇಳಿದ್ದು!"

"ಹಾಗಾದ್ರೆ ನಾನು ಬ್ರೆಡ್ ತಿನ್ನಿಸಿದ್ದು ಯಾರಿಗೆ?" ಎಂದು ಓಸ್ಮುಂಡ್ ಗಂಭೀರವಾಗಿ ಕೇಳಿದ.

ಹಸಿರು ಸಾಲಿನವರು ನಗುತ್ತ ಕಾರುಗಳತ್ತ ಹೊರಟರು. ಟೊರ್ಗ್ರಿಮ್‌ಗೆ ತಡೆಯಲಾಗಲಿಲ್ಲ. ಮತ್ತೊಮ್ಮೆ ಎದೆ ಉಬ್ಬಿಸಿ ಕೂಗಿದ: "ಕುರಿ ಅವರದ್ದೇ ಇರಬಹುದು! ಆದ್ರೆ ಅದನ್ನ ಒಣಗಿಸಿದ್ದು ನಾರ್ವೆಯ ಗಾಳಿ!"

ಹೊರಟವರು ನಿಂತರು. ಯಾರೋ ಶಿಳ್ಳೆ ಹಾಕಿದರು. ಸುಂಕದ ರಸೀತಿ ಬರೆಯುತ್ತಿದ್ದ ರಾಂಡಿಯೂ ಮೆಚ್ಚಿ ತಲೆಯಾಡಿಸಿದಳು. "ಅದೂ ನಿಜವೇ. ಬೆಟ್ಟದ ಗಾಳಿ ತಾನೇ?"

ಟೊರ್ಗ್ರಿಮ್ ತೊಡೆಯನ್ನು ಮತ್ತೆ ಬಿಳಿಬಟ್ಟೆಯಲ್ಲಿ ಸುತ್ತತೊಡಗಿದ.

"ಫ್ಯಾನಿನ ಗಾಳಿ," ಎಂದ. "ಅದನ್ನೂ ಅದೇ ಅಂಗಡೀಲೇ ತಗೊಂಡೆ."