ನಮ್ಮ ಕಾಂಪೌಂಡ್ ಗೋಡೆಯ ಬಣ್ಣ

ಊರು ಚೆಂದ ಕಾಣಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಪೊರಕೆಯನ್ನು ಮಾತ್ರ ಪಕ್ಕದ ಮನೆಯವರು ಹಿಡಿಯಲಿ ಎಂದಿರುತ್ತದೆ. ನಾನೂ ಆ ಪೈಕಿಯವನೇ. ಎಂಬತ್ತರ ದಶಕದಲ್ಲಿ ಬ್ಯಾಂಕಿನವರು ನನ್ನನ್ನು ತುಮಕೂರಿನಿಂದ ಎತ್ತಿ ವಿಶಾಖಪಟ್ಟಣಕ್ಕೆ ಹಾಕಿದಾಗ ಬಂದರಿನ ಹತ್ತಿರ ಮನೆ ಹಿಡಿದೆ. ಬಾಡಿಗೆ ಏಕೆ ಅಷ್ಟು ಕಡಿಮೆಯೆಂದು ನಾನು ಕೇಳಲಿಲ್ಲ, ಓನರೂ ಹೇಳಲಿಲ್ಲ. ಗಾಳಿ ಹೇಳಿತು. ಹಡಗಿಗೆ ಹೋಗುವ ಕಬ್ಬಿಣದ ಅದಿರಿನ ಕೆಂಪು ಧೂಳು ನಮ್ಮ ಬೀದಿಗೆ ಬಂದು ಕೂರುತ್ತಿತ್ತು. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಯೊಳಗೆ ಸನ್ಯಾಸ ಸ್ವೀಕರಿಸಿರುತ್ತಿತ್ತು.

ಹೀಗಿರುವಾಗ ಕಾಲೋನಿ ಸಂಘದವರು ಬೀದಿ ಸಿಂಗರಿಸುವ ಸ್ಪರ್ಧೆ ಇಟ್ಟರು. ಕಾರ್ಯದರ್ಶಿ ಅಪ್ಪಾರಾವ್ ಗಾರು ಸಭೆಯಲ್ಲಿ ತೆಲುಗಿನಲ್ಲಿ ಏನೋ ಕೇಳಿದರು. ಅರ್ಥವಾಗದಿದ್ದಾಗ ತಲೆಯಾಡಿಸುವುದು ನನ್ನ ಪದ್ಧತಿ. ಚಪ್ಪಾಳೆ ಬಿತ್ತು. ಸಿಂಗಾರವನ್ನು ಎಲ್ಲರಿಗಿಂತ ಮೊದಲು ಶುರುಮಾಡಲು ನಾನು ಒಪ್ಪಿದ್ದೇನೆಂದು ಮನೆಗೆ ಬರುವ ದಾರಿಯಲ್ಲಿ ಹೆಂಡತಿ ವಿಮಲ ತಿಳಿಸಿದಳು. ಸೊಪ್ಪಿನವಳ ಜತೆ ಜಗಳವಾಡಿ ಅವಳು ಅಷ್ಟರಲ್ಲೇ ತೆಲುಗು ಕಲಿತಿದ್ದಳು.

ಭಾನುವಾರ ಕಾಂಪೌಂಡ್ ಗೋಡೆಗೆಂದು ಸುಣ್ಣದ ಡಬ್ಬ ತಂದೆ.

“ರೀ, ಈ ಊರಲ್ಲಿ ಬಿಳಿ ಯಾಕ್ರೀ? ಇಟ್ಟಿಗೆ ಬಣ್ಣ ಹೊಡೀರಿ, ನೆಮ್ಮದಿಯಾಗಿರಬಹುದು.”

“ಶುಭ್ರ ಅಂದ್ರೆ ಬಿಳಿ ಕಣೇ” ಎಂದೆ.

ಮರುದಿನ ಶುಭ್ರತೆ ಗುಲಾಬಿಗೆ ತಿರುಗಿತ್ತು. ಅಂದಿನಿಂದ ಆಫೀಸಿಗೆ ಮುಂಚೆ ಒದ್ದೆ ಬಟ್ಟೆ ಹಿಡಿದು ಗೋಡೆ ಒರೆಸುವುದೇ ನನ್ನ ಸಂಧ್ಯಾವಂದನೆಯಾಯಿತು. ನೋಡಿ ನಗುತ್ತಿದ್ದವರಿಗೆ ಕ್ರಮೇಣ ಸಂಕೋಚವಾಗಿರಬೇಕು. ಎದುರು ಮನೆಯವರು ಚರಂಡಿಯ ಕಸ ತೆಗೆಸಿದರು. ಅಪ್ಪಾರಾವ್ ಗಾರು ನಂದಿಬಟ್ಟಲು ನೆಟ್ಟರು. ಬೀದಿ ನಿಜಕ್ಕೂ ಚೆಂದವಾಗತೊಡಗಿತು, ನನ್ನ ಗೋಡೆಯೊಂದನ್ನು ಬಿಟ್ಟು.

ತೀರ್ಪಿನ ವಾರ ನಲ್ಲಿ ನೀರು ನಿಂತಿತು, ಗಾಳಿ ನಿಲ್ಲಲಿಲ್ಲ. ಒದ್ದೆಯಾಗಿ ಮೆತ್ತಗಾಗಿದ್ದ ಸುಣ್ಣ ಧೂಳನ್ನು ಒಂದೇ ಸಮನೆ ಕುಡಿದು ಕೆಂಪಾಯಿತು. ತೀರ್ಪಿನ ದಿನ ನಾನು ಒಳಗೆ ಅವಿತುಕೊಳ್ಳುವಷ್ಟರಲ್ಲಿ, ಊರಿನ ಆ ತುದಿಯಿಂದ ಬಂದಿದ್ದ ತೀರ್ಪುಗಾರರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಗೋಡೆಯೆದುರು ನಿಂತೇಬಿಟ್ಟರು.

“ಕಲರ್ ಚಾಲಾ ಬಾಗುಂದಂಡಿ! ಎಕ್ಕಡಿದಿ?”

ಬಣ್ಣ ಚೆನ್ನಾಗಿದೆ, ಎಲ್ಲಿಯದು ಎಂದು ಅವರು ಕೇಳಿದ್ದು ನನಗೂ ಅರ್ಥವಾಯಿತು. ವಿಮಲ ನಿರ್ವಿಕಾರವಾಗಿ ಉತ್ತರಿಸಿದಳು: “ಪೋರ್ಟ್ ನುಂಚಿ ವಚ್ಚಿಂದಂಡಿ.” ಬಂದರಿನಿಂದ ಬಂತು. ಒಂದಕ್ಷರವೂ ಸುಳ್ಳಲ್ಲ.

“ಓಹೋ, ಇಂಪೋರ್ಟೆಡಾ!” ಎಂದರು ಮೇಷ್ಟ್ರು.

ಮೊದಲ ಬಹುಮಾನ, ಸ್ಟೀಲ್ ಬಿಂದಿಗೆ, ನಮಗೇ ಬಂತು. ಬಣ್ಣದ ಆಯ್ಕೆಯ ಬಗ್ಗೆ ಎರಡು ಮಾತಾಡಬೇಕೆಂದು ಅಪ್ಪಾರಾವ್ ಗಾರು ಮೈಕು ಕೊಟ್ಟರು. ನಿಜ ಹೇಳಿಬಿಡಬೇಕೆಂದೇ ಎದ್ದೆ. ಚಪ್ಪಾಳೆ ಜೋರಾಗಿತ್ತು. ಮುಂದಿನ ಸಾಲಿನಲ್ಲಿ ವಿಮಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಗಂಟಲು ಸರಿಮಾಡಿಕೊಂಡು, ಹರಕು ತೆಲುಗಿನಲ್ಲಿ ಆರಂಭಿಸಿದೆ: “ಬಣ್ಣದ ವಿಷಯದಲ್ಲಿ ಅವಸರ ಮಾಡಬಾರದು. ಅದು ತಾನಾಗಿ ಕೂರಬೇಕು.”