ಕೋತಿಯ ಮುಯ್ಯಿ

ಚೈತ್ರ ಬಹುಳ ಪಂಚಮಿ, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಪ್ರಾಣಿಗಳಿಗೆ ಮನುಷ್ಯನಂಥ ಬುದ್ಧಿ ಬೆಳೆಯಬಲ್ಲದೇ ಎಂಬ ಪ್ರಶ್ನೆಗೆ ಗಾವಡಗೆರೆಯಿಂದ ಉತ್ತರ ಕೊಡುವ ಮಹಾಕಾರ್ಯವನ್ನು ನಾನು ಆರಂಭಿಸಿದ್ದು ಆ ಕ್ಷಣದಲ್ಲಿ. ಕೈಯಲ್ಲಿ ಒಂದು ಹಿಡಿ ಕಡಲೆಕಾಯಿ ಇತ್ತು. ಕಿಟಕಿಯ ಆಚೆ ಒಂದು ಕೋತಿ ಇತ್ತು. ವಿಜ್ಞಾನಕ್ಕೆ ಇನ್ನೇನು ಬೇಕು!

ನಾನು ಇಲ್ಲಿಯ ಸರ್ಕಾರಿ ದೊಡ್ಡಿಯ ಗುಮಾಸ್ತ. ಯಾರದಾದರೂ ದನ ಇನ್ನೊಬ್ಬರ ಹೊಲಕ್ಕೆ ನುಗ್ಗಿದರೆ ಅದನ್ನು ತಂದು ನನ್ನ ದೊಡ್ಡಿಯಲ್ಲಿ ಕೂಡಿಹಾಕುತ್ತಾರೆ. ಒಡೆಯ ಬಂದು ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಹಾಗೆ ಬಂದವರಿಗೆಲ್ಲ ನಾನು ತಪ್ಪದೆ ಒಂದು ಉಪದೇಶ ಮಾಡುತ್ತಿದ್ದೆ: "ಪ್ರಾಣಿಗೆ ಬುದ್ಧಿ ಇರುವುದಿಲ್ಲ. ಒಡೆಯನಿಗೆ ಇರಬೇಕು." ಊರಿನಲ್ಲಿ ಯಾರೂ ನನ್ನೊಡನೆ ಮಾತಾಡದಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ಆಗ ಹೊಳೆಯಲಿಲ್ಲ. ಜಗಲಿಯ ಮೇಲೆ ನಗುತ್ತಾ ಕೂತವರು ನಾನು ಹತ್ತಿರ ಹೋದೊಡನೆ, ಎಮ್ಮೆ ಕಟ್ಟುವುದು ಮರೆತೆವೆಂದು ಎದ್ದು ಹೋಗುತ್ತಿದ್ದರು.

ನನ್ನ ದಿನಚರಿಯಲ್ಲಿ 'ಇಂದು ಮಾತಾಡಿಸಿದವರು' ಎಂಬ ಒಂದು ಕಾಲಂ ಉಂಟು. ಅದರಲ್ಲಿ ಸಾಮಾನ್ಯವಾಗಿ ಒಂದೇ ಹೆಸರು, ಜವನವ್ವ. ಆಕೆಯ ಮನೆಯ ಹಿತ್ತಿಲ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ಸಂಜೆಯ ಮುದ್ದೆಯೂ ಆಕೆಯ ಒಲೆಯ ಮುಂದೆಯೇ. ಮುದ್ದೆಗಿಂತ ಆ ಒಲೆಯ ಮುಂದಿನ ಎರಡು ಮಾತು ನನಗೆ ದೊಡ್ಡದಾಗಿತ್ತು.

ಅದು ಸೂರಿಗೆ ಕೈಯಾಡಿಸುವ ಕಾಲ. ಮಳೆ ಹಿಡಿಯುವ ಮೊದಲು ಮನೆಮನೆಯ ನಾಡಹೆಂಚು ತೆಗೆದು, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸುತ್ತಾರೆ. ಕೂಲಿಯಿಲ್ಲ, ಎಲ್ಲ ಮುಯ್ಯಿ. ಇವತ್ತು ನನ್ನ ಸೂರಿಗೆ ನೀನು, ನಾಳೆ ನಿನ್ನ ಸೂರಿಗೆ ನಾನು. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದಿಲ್ಲ. ಸ್ವಂತ ಸೂರಿಲ್ಲದ ನನ್ನನ್ನು ಯಾರೂ ಕರೆಯಲಿಲ್ಲ. ಕಿಟಕಿಯಲ್ಲಿ ಕೂತು ಸೂರುಗಳ ಮೇಲಿನ ನಗೆ ಕೇಳುತ್ತಿದ್ದಾಗ ನನಗೆ ಸಿದ್ಧಾಂತವೊಂದು ಹೊಳೆಯಿತು. ಮನುಷ್ಯನ ಬುದ್ಧಿಯೆಂದರೆ ಇದೇ ಅಲ್ಲವೇ, ಪಡೆದದ್ದನ್ನು ನೆನಪಿಟ್ಟು ಹಿಂದಿರುಗಿಸುವುದು? ಕೋತಿ ಮುಯ್ಯಿ ತೀರಿಸಿದರೆ ಅದು ಮನುಷ್ಯನಾಗುವ ದಾರಿ ಹಿಡಿದಂತೆ. ನನಗೂ ಒಬ್ಬ ಮುಯ್ಯಾಳು ಸಿಕ್ಕಂತೆ.

ಮೂರು ದಿನ ಕೋತಿ ತಿಂದು ಹೋಯಿತು. ಗುರುವಾರ ಅದರ ಕೈಯಲ್ಲಿ ಒಂದು ಹೆಂಚಿತ್ತು. ಅದನ್ನು ನನ್ನ ಕಿಟಕಿಯ ಮೇಲಿಟ್ಟು ಕಡಲೆಕಾಯಿ ಬಾಚಿಕೊಂಡಿತು. ಕೈ ಖಾಲಿಯಾಗಲೆಂದು ಇಟ್ಟಿತೆಂದು ಈಗ ಯಾರಾದರೂ ಹೇಳಬಹುದು. ನನ್ನ ಕಣ್ಣಲ್ಲಿ ಮಾತ್ರ ನೀರು ಬಂತು. ಮುಯ್ಯಿ! ಎರಡು ಹಿಡಿ ಕೊಟ್ಟೆ. ಮರುದಿನ ಅದು ಎರಡು ಹೆಂಚು ತಂದಿತು. ಲೆಕ್ಕವೂ ಬರುತ್ತದೆಂದು ಬರೆದುಕೊಂಡೆ. ಮುಂದಿನ ಭಾನುವಾರದ ಹೊತ್ತಿಗೆ ಕಿಟಕಿಯ ಕೆಳಗೆ ಹೆಂಚಿನ ಸಾಲೇ ಆಯಿತು. ನಾನು ಅವನ್ನು ಚೆಂದವಾಗಿ ಜೋಡಿಸಿದೆ. ಹೆಂಚು ಎಲ್ಲಿಂದ ಬರುತ್ತಿದೆ ಎಂಬ ಕಾಲಂ ಮಾತ್ರ ನನ್ನ ದಿನಚರಿಯಲ್ಲಿ ಇರಲಿಲ್ಲ.

ಸೋಮವಾರ ಸಂಜೆ ಮಳೆ ಬಂತು. ಜವನವ್ವನ ಅಟ್ಟದ ಮೇಲೆ ಆ ವರ್ಷದ ಬಿತ್ತನೆ ರಾಗಿ ಇತ್ತು. ಅದರ ಮೇಲೆ ಹೊಸದಾಗಿ ಕೈಯಾಡಿಸಿದ ಸೂರು ಇತ್ತು, ಇರಬೇಕಿತ್ತು. ಆಕೆ ಕೂಗಿದ್ದು ಕೇಳಿ ಓಡಿದೆ. ಇಬ್ಬರೂ ಸೇರಿ ಮೂಟೆಗಳನ್ನು ನನ್ನ ಕೋಣೆಗೆ ಸಾಗಿಸಿದೆವು. ಒಂದು ಮೂಟೆ ನೆನೆದಿತ್ತು. ನನ್ನ ಕೋಣೆ ಮಾತ್ರ ಒಣಗಿಯೇ ಇತ್ತು, ಅದರ ಮೇಲಿನ ಒಂದು ಹೆಂಚೂ ಕದಲಿರಲಿಲ್ಲ. ಕೋತಿಗೆ ಕೃತಜ್ಞತೆ ಇದೆ ಎಂದುಕೊಂಡೆ. ಹೇಳಲು ಧೈರ್ಯವಾಗಲಿಲ್ಲ.

ಬೆಳಿಗ್ಗೆ ಜವನವ್ವ ನನ್ನ ಕಿಟಕಿಯ ಕೆಳಗೆ ಬಂದು ನಿಂತಳು. "ಏನ್ ಗುಮಾಸ್ತ್ರೇ ಇದು?"

ಜೀವರಾಶಿಯ ವಿಕಾಸವನ್ನು ಹುಳುವಿನಿಂದ ಹಿಡಿದು ವಿವರಿಸಿದೆ. ಆಕೆ ಪೂರ್ತಿ ಕೇಳಿದಳು.

"ಕಡ್ಲೆಕಾಯಿ ಆಕಿದ್ದು ಯಾರು?"

"ನಾನೇ."

"ಅಂಗಾದ್ರೆ ಅದು ನಿಮ್ಮ ಪ್ರಾಣಿ. ಪ್ರಾಣಿಗೆ ಬುದ್ಧಿ ಇರಾಕಿಲ್ಲ, ವಡೇನಿಗಿರ್ಬೇಕು ಅಂತ ಊರಿಗೆಲ್ಲ ಏಳ್ಕಂಡ್ ಬಂದೋರು ನೀವೇ ಅಲ್ವ್ರಾ?"

ಮೋಡ ಇನ್ನೂ ಕವಿದಿತ್ತು. ಇನ್ನೊಂದು ಮಳೆಗೆ ಮನೆಯೇ ಕೆರೆಯಾಗುತ್ತಿತ್ತು. ಸೂರು ಸರಿಯಾಗುವವರೆಗೆ ಒಲೆಯ ಕಡೆ ಮುಖ ಹಾಕಬೇಡಿ ಎಂದು ಹೇಳಿ ಆಕೆ ಒಳಗೆ ಹೋದಳು.

ಸಹಾಯಕ್ಕೆ ಯಾರನ್ನು ಕರೆಯಲಿ? ಮುಯ್ಯಿಗೆ ಕರೆಯಬೇಕಾದರೆ ಮೊದಲು ಹೋಗಿರಬೇಕು. ಒಬ್ಬನೇ ಏಣಿ ಹತ್ತಿದೆ. ಹೆಂಚಿನ ಕೆಳಗೆ ಮರದ ತೊಲೆಯಿರುವ ಕಡೆಯಷ್ಟೇ ಕಾಲಿಡಬೇಕೆಂಬುದು ಊರಿನ ಕೂಸಿಗೂ ಗೊತ್ತು. ನಾನು ನಡುವೆ ಇಟ್ಟೆ. ಬಲಗಾಲು ತೊಡೆಯವರೆಗೆ ಮನೆಯೊಳಕ್ಕೆ ಇಳಿಯಿತು.

ಕೆಳಗಿನಿಂದ ಜವನವ್ವನ ದನಿ ಕೇಳಿತು. "ಕಾಲು ಬಂತು ಕಣ್ರೀ. ಮಿಕ್ಕಿದ್ದು ಯಾವಾಗ ಬತ್ತದೆ?"

ಸೂರಿನ ನೆತ್ತಿಯ ಮೇಲೆ ನನ್ನ ಶಿಷ್ಯ ಕೋತಿ ಕೂತಿತ್ತು. ಬಳಿಗೆ ಬಂದು, ಒಂದು ಹೆಂಚು ಕಿತ್ತು ನನ್ನ ಮುಂದಿಟ್ಟು, ಕೈ ಚಾಚಿತು.

ಅಷ್ಟರಲ್ಲಿ ಬೀದಿಯ ಜನ ಸೇರಿದ್ದರು. ನಿಂಗೇಗೌಡ ಮುಂದೆ ಬಂದ. ಅವನ ಎಮ್ಮೆಯನ್ನು ನಾನು ಎರಡು ಸಲ ಕೂಡಿಹಾಕಿದ್ದೆ, ಉಪದೇಶವನ್ನೂ ಎರಡು ಸಲ ಮಾಡಿದ್ದೆ. ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದ. "ಯಾವನ್ದ್ಲಾ ಈ ಪುಂಡು ದನ? ದೊಡ್ಡಿಗ್ ಒಡೀರ್ಲಾ."

ನಕ್ಕವರೇ ಹತ್ತಿ ಬಂದು ನನ್ನನ್ನು ಎಳೆದು ತೆಗೆದರು. ಮಧ್ಯಾಹ್ನದ ಹೊತ್ತಿಗೆ ನಿಂಗೇಗೌಡನೂ ಸೇರಿ ನಾಲ್ವರು ಸೂರು ಹೊದಿಸಿದರು. ನಾನು ಕೆಳಗಿನಿಂದ ಹೆಂಚು ಎತ್ತಿಕೊಟ್ಟೆ. ಒಬ್ಬರೂ ಎದ್ದು ಹೋಗಲಿಲ್ಲ. ನನ್ನನ್ನು ಕುರಿತೇ ನಗುತ್ತಿದ್ದರು, ಆದರೂ ಆ ನಗೆಯ ನಡುವೆ ನಾನಿದ್ದೆ. ಈಗ ನಾಲ್ಕು ಮನೆಗೆ ನನ್ನ ಮುಯ್ಯಿ ಬಾಕಿಯಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿ, ನಾಳೆಯೇ ನಿಮ್ಮ ಸೂರಿಗೆ ಬರುತ್ತೇನೆಂದು ನಿಂಗೇಗೌಡನಿಗೆ ಹೇಳಿದೆ.

ಅವನು ನನ್ನ ಬಲಗಾಲನ್ನೊಮ್ಮೆ ನೋಡಿದ. "ನೀವು ನಮ್ಮ ಸೂರ್ ಮ್ಯಾಕ್ ಅತ್ತದೆ ಇದ್ರೆ ಅದೇ ಮುಯ್ಯಿ ತೀರ್ದಂಗೆ. ಬುಡಿ."

ಅಂದು ನನ್ನ ಕಾಲಂನಲ್ಲಿ ಐದು ಹೆಸರು ಬಿದ್ದವು. ಮರುದಿನ ಮತ್ತೆ ಒಂದೇ. ಅದು ಇದ್ದುದೇ ಪುಣ್ಯ, ಮುದ್ದೆಯ ಜೊತೆ ಜವನವ್ವ ಕೋತಿಯ ಕ್ಷೇಮವನ್ನೂ ವಿಚಾರಿಸಿದಳು.

ಕೋತಿಯ ಕ್ಷೇಮ ನನಗೂ ತಿಳಿಯದು. ಕಡಲೆಕಾಯಿ ನಿಂತ ಮೇಲೆ ಎರಡು ದಿನ ಬಂದು ನೋಡಿತು, ಆಮೇಲೆ ಬರಲೇ ಇಲ್ಲ. ನಾನು ಈಗಲೂ ಏಳು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಕಿಟಕಿ ತೆರೆಯುತ್ತೇನೆ. ಪ್ರಯೋಗದಿಂದ ಯಾವುದಾದರೂ ಪ್ರಾಣಿಗೆ ಏನಾದರೂ ಅಭ್ಯಾಸವಾಗಿದ್ದರೆ ಅದು ಇಷ್ಟೇ.

ಪ್ರಾಣಿಗಳ ಬುದ್ಧಿಯ ವಿಷಯ ನನಗಿಂತ ಹೆಚ್ಚು ಬಲ್ಲವರು ದಯವಿಟ್ಟು ಬರೆಯಬೇಕು. ದೊಡ್ಡಿ ಗುಮಾಸ್ತ, ಗಾವಡಗೆರೆ ಎಂದರೆ ಸಾಕು, ಟಪಾಲು ಸೇರುತ್ತದೆ. ಕಾಗದ ಎಷ್ಟು ಉದ್ದವಾದರೂ ಚಿಂತೆಯಿಲ್ಲ. ಬೆಕ್ಕು, ನಾಯಿಗಳ ವಿಷಯವಾದರೂ ಆದೀತು. ಬರೆದವರಿಗೆಲ್ಲ ಮರುಟಪಾಲಿನಲ್ಲೇ ಉತ್ತರ ಬರೆದು ಮುಯ್ಯಿ ತೀರಿಸುತ್ತೇನೆ.